ಹಳೇ ಕಾರಿಗೆ ಬಾಲ್ ಜಾಯಿಂಟ್ ಸಿಗ್ತಿಲ್ವಾ? ಯಾವ ದಾರಿ ಹಿಡೀಬೇಕು ಅಂತ ನನ್ನ ಲೆಕ್ಕ

ಹಳೇ ಕಾರು ಇಟ್ಕೊಂಡೋರಿಗೆ ಈ ದಿನ ಬಂದೇ ಬರತ್ತೆ. ಹಂಪ್ ಮೇಲೆ ಹೋದಾಗ ಮುಂದಿನ ಚಕ್ರದ ಹತ್ರ ಕಟಕ್ ಅಂತ ಶಬ್ದ, ಟೈರಿನ ಒಳಗಡೆ ಅಂಚು ಮಾತ್ರ ಸವೀತಾ ಬರತ್ತೆ, ಮೆಕ್ಯಾನಿಕ್ ಗಾಡಿ ಎತ್ತಿ ರಾಡ್ ಹಾಕಿ ಮೀಟಿ ನೋಡಿ "ಬಾಲ್ ಜಾಯಿಂಟ್ ಹೋಗಿದೆ, ಪಾರ್ಟ್ ತಂದ್ಕೊಟ್ರೆ ಹಾಕ್ತೀನಿ" ಅಂತಾರೆ. ಬಾಲ್ ಜಾಯಿಂಟ್ ಅಂದ್ರೆ, ಚಕ್ರ ಹಿಡ್ದಿರೋ ನಕಲ್ ಅನ್ನೋ ತುಂಡನ್ನ ಗಾಡಿಯಿಂದ ಚಾಚಿರೋ ಆರ್ಮ್ ಅನ್ನೋ ತೋಳಿಗೆ ಸೇರಿಸೋ ಕೀಲು; ಒಂದು ಗೂಡಿನ ಒಳಗೆ ಗುಂಡನೆ ಬಾಲು ತಿರುಗತ್ತೆ, ಆ ಬಾಲಿಂದ ಒಂದು ಪಿನ್ ಆಚೆ ಬಂದಿರತ್ತೆ. ಪಾರ್ಟ್ ಹುಡುಕೋಕೆ ಹೋದ್ರೆ ಕಂಪನಿಯವರು ಮಾಡೋದು ನಿಲ್ಲಿಸಿ ವರ್ಷಗಳೇ ಆಗಿರತ್ತೆ. ಆಮೇಲೆ ಶುರುವಾಗತ್ತೆ ನೋಡಿ ಸಲಹೆಗಳು, ಒಬ್ಬರು ಹಳೇದನ್ನೇ ರೀಬಿಲ್ಡ್ ಮಾಡ್ಸಿ ಅಂತಾರೆ, ಇನ್ನೊಬ್ಬರು ಬೇರೆ ಗಾಡೀದು ಕೂರತ್ತೆ ಅಂತಾರೆ, ಮತ್ತೊಬ್ಬರು ವೆಲ್ಡಿಂಗ್ ಮಾಡ್ಸಿ ಸುಮ್ನಿರಿ ಅಂತಾರೆ. ನಾನು ಎರಡು ಹಳೇ ಗಾಡಿಗೆ ಇದೇ ಪಾಡು ಪಟ್ಟಿದೀನಿ. ಅದ್ರಿಂದ ಕಲಿತಿದ್ದು ಇಷ್ಟು: ಏನು ಸಿಗತ್ತೆ ಅನ್ನೋದ್ರಿಂದ ಯೋಚನೆ ಶುರು ಮಾಡ್ಬಾರ್ದು, ನಿಮ್ಮ ಗಾಡೀಲಿ ಆ ಜಾಯಿಂಟ್ ಏನು ಕೆಲ್ಸ ಮಾಡ್ತಿದೆ ಅನ್ನೋದ್ರಿಂದ ಶುರು ಮಾಡ್ಬೇಕು.

ಎಲ್ಲಾ ಬಾಲ್ ಜಾಯಿಂಟೂ ಒಂದೇ ಥರ ಭಾರ ಹೊರಲ್ಲ. ಮೇಲೊಂದು ಕೆಳಗೊಂದು ಆರ್ಮ್ ಇರೋ ಸಸ್ಪೆನ್ಷನ್‌ನಲ್ಲಿ ಸ್ಪ್ರಿಂಗ್ ಯಾವ ಆರ್ಮ್ ಮೇಲೆ ಕೂತಿದ್ಯೋ ಆ ಆರ್ಮ್‌ನ ಜಾಯಿಂಟೇ ಗಾಡಿಯ ಭಾರ ಹೊರೋದು. ಹೆಚ್ಚಿನ ಗಾಡಿಗಳಲ್ಲಿ ಅದು ಕೆಳಗಿನದು, ಆದ್ರೆ 1965ರಿಂದ 1973ರ ತನಕದ ಫೋರ್ಡ್ ಮಸ್ಟಾಂಗ್ ಥರದ ಗಾಡೀಲಿ ಸ್ಪ್ರಿಂಗ್ ಮೇಲಿನ ಆರ್ಮ್ ಮೇಲಿರತ್ತೆ, ಅಲ್ಲಿ ಮೇಲಿನದು. ಇನ್ನೊಂದು ಜಾಯಿಂಟ್ ಬರೀ ನಕಲ್‌ನ ಜಾಗದಲ್ಲಿ ಹಿಡ್ದಿಡತ್ತೆ ಅಷ್ಟೆ. ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದ ಹಾಗಿರೋ ಮ್ಯಾಕ್‌ಫರ್ಸನ್ ಸ್ಟ್ರಟ್ ಇದ್ರೆ ಭಾರ ಸ್ಟ್ರಟ್ ಮೂಲಕ ಮೇಲಿನ ಮೌಂಟಿಗೆ ಹೋಗತ್ತೆ, ಕೆಳಗಿನ ಜಾಯಿಂಟ್ ಮೇಲೆ ಬ್ರೇಕು ಮತ್ತೆ ತಿರುವಿನ ಬಲ ಬೀಳತ್ತೆ. ಹಾಗಂತ ಅದನ್ನ ಹಗುರವಾಗಿ ತಗೋಬೇಡಿ, ಅದು ಕಳಚಿಕೊಂಡ್ರೂ ಚಕ್ರ ಮಡಚ್ಕೊಂಡು ಹೋಗತ್ತೆ, ಫ್ರಂಟ್ ವೀಲ್ ಡ್ರೈವ್ ಆದ್ರೆ ಡ್ರೈವ್ ಶಾಫ್ಟೂ ಜೊತೆಗೇ ಕಿತ್ಕೊಂಡು ಬರತ್ತೆ.

ಭಾರ ಹೊರೋ ಜಾಯಿಂಟಲ್ಲೂ ಇನ್ನೊಂದು ನೋಡ್ಬೇಕು, ಭಾರ ಬಾಲನ್ನ ಗೂಡಿನ ಒಳಕ್ಕೆ ಒತ್ತತ್ತಾ ಇಲ್ಲಾ ಗೂಡಿಂದ ಹೊರಕ್ಕೆ ಎಳೀತದಾ. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲಿದ್ದು ಆ ಆರ್ಮ್ ನಕಲ್‌ನ ಕಣ್ಣಿಗಿಂತ, ಅಂದ್ರೆ ಪಿನ್ ಕೂರೋ ತೂತಿಗಿಂತ, ಕೆಳಗಿದ್ರೆ ಎಳೆತ, ಮೇಲಿದ್ರೆ ಒತ್ತಡ. ಎಳೆತದ ಜಾಯಿಂಟ್ ಸವೆದಾಗ ಬಾಲು ಗೂಡಿನ ಬಾಯಿಂದ ಆಚೆಗೇ ಬಂದ್ಬಿಡಬಹುದು. ಅಳತೆ ಎಲ್ಲಾ ಸರಿ ಇದೆ ಅಂತ ಒತ್ತಡಕ್ಕೆ ಮಾಡಿದ ಜಾಯಿಂಟನ್ನ ಎಳೆತದ ಜಾಗಕ್ಕೆ ಹಾಕೋದು ಜೀವಕ್ಕೆ ಅಪಾಯ. ನನ್ನ ಪ್ರಕಾರ ಈ ಎರಡು ಪ್ರಶ್ನೆಗೆ ಉತ್ರ ಸಿಗೋ ತನಕ ದುಡ್ಡು ಬಿಚ್ಚಲೇಬಾರ್ದು.

ಅದಕ್ಕೂ ಮುಂಚೆ ಜಾಯಿಂಟ್ ನಿಜವಾಗ್ಲೂ ಹೋಗಿದ್ಯಾ ಅಂತ ನೋಡಿ. ತಪ್ಪು ಜಾಗಕ್ಕೆ ಜಾಕ್ ಹಾಕಿ ನೋಡಿದ್ರೆ ಸವೆದ ಜಾಯಿಂಟೂ ಗಟ್ಟಿ ಕಾಣತ್ತೆ, ಯಾಕಂದ್ರೆ ಸ್ಪ್ರಿಂಗ್ ಅದನ್ನ ಒಂದು ಕಡೆಗೆ ಒತ್ತಿ ಹಿಡ್ದಿರತ್ತೆ. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲಿದ್ರೆ ಜಾಕ್ ಆ ಆರ್ಮ್ ಕೆಳಗೆ, ಆದಷ್ಟು ಚಕ್ರದ ಹತ್ರ. ಸ್ಪ್ರಿಂಗ್ ಮೇಲಿನ ಆರ್ಮ್ ಮೇಲಿದ್ರೆ ಮೊದ್ಲು ಆ ಆರ್ಮಿಗೂ ಚಾಸಿಗೂ ಮಧ್ಯೆ ಗಟ್ಟಿ ತುಂಡೊಂದನ್ನ ಒತ್ತು ಕೊಟ್ಟು ಆಮೇಲೆ ಚಾಸಿಯಿಂದ ಎತ್ತಿ. ಸ್ಟ್ರಟ್ ಇದ್ರೆ ಬಾಡಿಯಿಂದ ಎತ್ತಿ ಚಕ್ರ ನೇತಾಡೋಕೆ ಬಿಡಿ. ಆಮೇಲೆ ಟೈರಿನ ಕೆಳಗೆ ಉದ್ದ ರಾಡ್ ಕೊಟ್ಟು ಮೀಟಿ, ಇನ್ನೊಬ್ಬರು ಜಾಯಿಂಟ್ ಮೇಲೆ ಬೆರಳಿಟ್ಟು ನೋಡ್ಲಿ. ಎಷ್ಟು ಪ್ಲೇ, ಅಂದ್ರೆ ಸಡಿಲದ ಅಲುಗಾಟ, ಇರಬಹುದು ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಇರತ್ತೆ, ಅದನ್ನೇ ನಂಬಿ. ಕೆಲವು ಜಾಯಿಂಟಲ್ಲಿ ಗ್ರೀಸ್ ತುಂಬೋ ನಿಪ್ಪಲ್ ಸುತ್ತ ಒಂದು ಸಣ್ಣ ಕಾಲರ್ ಆಚೆ ಚಾಚ್ಕೊಂಡಿರತ್ತೆ, ಅದು ಒಳಗೆ ಸರಿದು ಮಟ್ಟಕ್ಕೆ ಬಂದ್ರೆ ಸವೆದಿದೆ ಅಂತ ಅರ್ಥ, ಇದನ್ನ ಮಾತ್ರ ಚಕ್ರ ನೆಲದ ಮೇಲೆ ಭಾರ ಹೊತ್ತು ನಿಂತಿರುವಾಗ ನೋಡ್ಬೇಕು.

ಹೀಗೆ ನೋಡಿದಾಗ ಎಷ್ಟೋ ಸಲ ಪ್ಲೇ ಇರೋದೇ ಇಲ್ಲ, ಹರಿದಿರೋದು ಗೂಡಿನ ಬಾಯಿ ಮುಚ್ಚೋ ರಬ್ಬರ್ ಬೂಟ್ ಮಾತ್ರ. ಆಗ ಹಳೇ ಜಾಯಿಂಟನ್ನೇ ಉಳಿಸ್ಕೊಳ್ಳೋದು ನನ್ನ ಮೊದಲ ಆಯ್ಕೆ. ಬೂಟ್ ಗಾಡಿ ಹೆಸರಲ್ಲಿ ಸಿಗದೇ ಇದ್ರೂ ಅಳತೆ ಮೇಲೆ ಸಿಗತ್ತೆ, ಪಿನ್ ಕಡೆ ಬಾಯಿ, ಗೂಡಿನ ಕಡೆ ಬಾಯಿ, ಎತ್ತರ ಈ ಮೂರು ಸಾಕು. ಹಳೇ ಬೂಟ್ ಕತ್ತರಿಸಿ ತೆಗೆದು ಒಳಗಿನ ಗ್ರೀಸನ್ನ ಬೆರಳಲ್ಲಿ ತೆಗೆದು ಬಿಳಿ ಬಟ್ಟೆ ಮೇಲೆ ಹಚ್ಚಿ ನೋಡಿ. ಕಪ್ಪಗೆ ಇದ್ರೂ ನುಣ್ಣಗಿದ್ರೆ ಅದೃಷ್ಟ. ಇಟ್ಟಿಗೆ ಬಣ್ಣಕ್ಕೆ ತಿರುಗಿ ಬೆರಳಿಗೆ ಮರಳು ಸಿಕ್ಕಿದ ಹಾಗೆ ಚುರುಚುರು ಅಂದ್ರೆ ನೀರು ಒಳಗೆ ಹೋಗಿ ಬಾಲು ತುಕ್ಕು ಹಿಡ್ದಿದೆ ಅಂತ, ಇವತ್ತು ಪ್ಲೇ ಇಲ್ದಿದ್ರೂ ಹೊಸ ಬೂಟ್ ಹಾಕಿ ಅದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಪಿನ್ನನ್ನ ಕೈಯಲ್ಲಿ ತಿರುಗಿಸಿದಾಗ ಒಂದೇ ಸಮ ಬಿಗಿಯಾಗಿ ತಿರುಗಬೇಕು, ಒಂದು ಜಾಗದಲ್ಲಿ ಹಗುರ ಇನ್ನೊಂದು ಜಾಗದಲ್ಲಿ ಕಚ್ಚಿದ ಹಾಗೆ ಆದ್ರೆ ಅದೂ ಮುಗೀತು.

ಸರಿ, ಜಾಯಿಂಟ್ ಹೋಗಿರೋದು ಖಾತ್ರಿ ಆಯ್ತು ಅನ್ಕೊಳ್ಳಿ. ಈಗ ಬಿಚ್ಚಿ, ಸೂಕ್ಷ್ಮವಾಗಿ ಅಳೆಯೋ ವರ್ನಿಯರ್ ತಗೊಂಡು ಕೂತ್ಕೊಂಡು ಒಂದು ಹಾಳೆ ಮೇಲೆ ಅಳತೆ ಬರ್ಕೊಳ್ಳಿ. ಗೂಡಿನ ಹೊರ ವ್ಯಾಸ, ಬೋಲ್ಟ್ ಮೇಲೆ ಕೂರೋದಾದ್ರೆ ತೂತುಗಳ ನಡುವಿನ ದೂರ, ಪಿನ್ನಿನ ಥ್ರೆಡ್, ಪಿನ್ನಿನ ಉದ್ದ, ಟೇಪರ್‌ನ (ಪಿನ್ನಿನ ಇಳಿಜಾರು ಭಾಗದ) ಎರಡೂ ತುದಿಯ ವ್ಯಾಸ, ಮತ್ತೆ ಆರ್ಮ್ ಮೇಲೆ ಕೂರೋ ಮುಖದಿಂದ ಬಾಲಿನ ನಡುಮಧ್ಯಕ್ಕೆ ಎಷ್ಟು ಎತ್ತರ. ಈ ಕೊನೇದನ್ನ ಯಾರೂ ಅಳೆಯಲ್ಲ, ಆದ್ರೆ ಅದು ಬದಲಾದ್ರೆ ಆರ್ಮ್‌ನ ಕೋನ ಬದಲಾಗತ್ತೆ, ಕ್ಯಾಂಬರ್, ಅಂದ್ರೆ ಚಕ್ರ ಒಳಕ್ಕೆ ಹೊರಕ್ಕೆ ವಾಲಿರೋ ಕೋನ, ಬದಲಾಗತ್ತೆ, ಹಳ್ಳಕ್ಕೆ ಇಳಿದಾಗ ಸ್ಟೀರಿಂಗ್ ತಾನಾಗೇ ಎಳೆಯೋಕೆ ಶುರು ಮಾಡತ್ತೆ. ಜೊತೆಗೆ ಪಿನ್ ಎಷ್ಟು ಡಿಗ್ರಿ ವಾಲತ್ತೆ ಅನ್ನೋದನ್ನೂ ನೋಡ್ಕೊಳ್ಳಿ, ಚಕ್ರ ಪೂರ್ತಿ ನೇತಾಡ್ತಿರುವಾಗ ಅಥವಾ ಪೂರ್ತಿ ಒಳಗೆ ಒತ್ತಿರುವಾಗ ಪಿನ್ ಗೂಡಿನ ಅಂಚಿಗೆ ತಾಗಿದ್ರೆ ಒಂದಿನ ಮುರಿಯೋದೇ.

ಟೇಪರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಾನು ಎಡವಿದ್ದು ಅಲ್ಲೇ. ಪಿನ್ ಒಂದೇ ದಪ್ಪ ಇರಲ್ಲ, ತುದಿ ಕಡೆ ಸಣ್ಣ ಆಗ್ತಾ ಹೋಗತ್ತೆ, ನಕಲ್‌ನ ತೂತೂ ಅದೇ ಇಳಿಜಾರಲ್ಲಿ ಇರತ್ತೆ, ನಟ್ ಬಿಗಿದಾಗ ಎರಡೂ ಒಂದಕ್ಕೊಂದು ಕಚ್ಕೊಂಡು ಒಂದೇ ಕಬ್ಬಿಣದ ಹಾಗಾಗತ್ತೆ. ಆ ಇಳಿಜಾರು ಸಾಮಾನ್ಯವಾಗಿ 1:8 ಅಥವಾ 1:10 ಇರತ್ತೆ, ಕೆಲವು ಕಡೆ 1:6 ಕೂಡ ಇದೆ. 20 ಎಂಎಂ ಉದ್ದದಲ್ಲಿ 1:8 ಟೇಪರ್ 2.5 ಎಂಎಂ ಸಣ್ಣ ಆಗತ್ತೆ, 1:10 ಟೇಪರ್ 2 ಎಂಎಂ. ವ್ಯತ್ಯಾಸ ಬರೀ ಅರ್ಧ ಎಂಎಂ, ಕಣ್ಣಿಗೆ ಕಾಣಲ್ಲ. ನಾನು ತಂದ ಜಾಯಿಂಟಿನ ಡಬ್ಬಿ ಮೇಲೆ ನನ್ನ ಗಾಡಿ ಹೆಸರೇ ಇತ್ತು, ಗೂಡು ಆರ್ಮ್‌ನಲ್ಲಿ ಸರಿಯಾಗಿ ಕೂತ್ಕೊಳ್ತು, ನಟ್ ಬಿಗೀತು, ನಟ್ ಬಿಚ್ಕೊಳ್ಳದ ಹಾಗೆ ತಡೆಯೋ ಸ್ಪ್ಲಿಟ್ ಪಿನ್ನೂ ಹಾಕಾಯ್ತು. ಮನಸ್ಸು ಒಪ್ಪದೆ ಮತ್ತೆ ಬಿಚ್ಚಿ ಟೇಪರ್ ಮೇಲೆ ನೀಲಿ ಮಾರ್ಕರ್ ಬಳಿದು, ತೂತಿಗೆ ಕೂರಿಸಿ ಸ್ವಲ್ಪ ತಿರುಗಿಸಿ ಆಚೆ ತೆಗೆದೆ. ಸಣ್ಣ ತುದೀಲಿ ಒಂದು ಉಂಗುರದಷ್ಟು ಜಾಗದಲ್ಲಿ ಮಾತ್ರ ನೀಲಿ ಅಳಿಸಿತ್ತು, ಬಾಲಿನ ಕಡೆ ನೀಲಿ ಹಾಗೇ ಇತ್ತು, ಅಂದ್ರೆ ಆ ಕಡೆ ಪಿನ್ ಗಾಳೀಲಿತ್ತು. ಹಾಗೇ ಓಡಿಸಿದ್ದಿದ್ರೆ ಪ್ರತಿ ಗುಂಡಿಗೂ ಪಿನ್ ಒಳಗೊಳಗೇ ಬಾಗಿ ಬಾಗಿ ಒಂದಿನ ತುಂಡಾಗ್ತಿತ್ತು. ಮಾರಿದವರು ವಾಪಸ್ ತಗೊಳ್ಳಲಿಲ್ಲ, ದುಡ್ಡು ಹೋಯ್ತು, ಆದ್ರೂ ಆ ಮಾರ್ಕರ್ ಕೆಲ್ಸ ನನ್ನ ಜೀವ ಉಳಿಸ್ತು ಅಂತಾನೇ ನಾನು ಅನ್ಕೊಂಡಿದೀನಿ. ನೀಲಿ ಟೇಪರ್ ಉದ್ದಕ್ಕೂ ಒಂದೇ ಸಮ ಅಳಿಸಬೇಕು, ಯಾವ ದಾರಿ ಹಿಡಿದ್ರೂ ಈ ಪರೀಕ್ಷೆ ಬಿಡ್ಬೇಡಿ.

ಈಗ ದಾರಿಗಳಿಗೆ ಬರೋಣ. ಸುಲಭದ್ದು ಬೇರೆ ಕಂಪನಿ ಮಾಡಿದ ಹೊಸ ಜಾಯಿಂಟ್. ಲೆಮ್‌ಫೋರ್ಡರ್, ಟಿಆರ್‌ಡಬ್ಲ್ಯೂ, ಮೂಗ್, 555 ಇಂಥವರ ಕ್ಯಾಟಲಾಗಲ್ಲಿ ಗಾಡಿ ಹೆಸರು ಹಾಕಿ ಹುಡುಕಿ ಸಿಗಲಿಲ್ಲ ಅಂದ ತಕ್ಷಣ ಕೈಬಿಡ್ಬೇಡಿ. ಒಂದೇ ಜಾಯಿಂಟನ್ನ ಕಾರ್ ಕಂಪನಿಗಳು ಎಷ್ಟೋ ಮಾಡೆಲ್‌ಗೆ ಹಾಕಿರ್ತಾರೆ, ನಿಮ್ಮ ಕಾರು ನಿಂತೋಗಿದ್ರೂ ಅದೇ ಜಾಯಿಂಟ್ ಹಾಕಿದ ವ್ಯಾನೋ ಪಿಕಪ್ಪೋ ಇನ್ನೂ ರಸ್ತೇಲಿ ಓಡ್ತಿರಬಹುದು. ಒರಿಜಿನಲ್ ಪಾರ್ಟ್ ನಂಬರ್ ಹಿಡ್ದು ಹುಡುಕಿ, ಆಮೇಲೆ ಅಳತೆ ಹಿಡ್ದು ಹುಡುಕಿ. ಅಳತೆ ಹಾಳೆ ಜೊತೆ ಪೂರ್ತಿ ತಾಳೆ ಆದ್ರೆ, ಭಾರದ ದಿಕ್ಕೂ ಅದೇ ಆದ್ರೆ, ಅದು ಬೇರೆ ಗಾಡೀದು ಅಂತ ಹಿಂಜರಿಯೋದೇ ಬೇಡ. ನನ್ನ ಎರಡನೇ ಗಾಡಿಗೆ ಕೊನೆಗೆ ಸಿಕ್ಕಿದ್ದು ಹೀಗೇ. ಆದ್ರೆ ಭಾರ ಹೊರೋ ಜಾಗಕ್ಕೆ ಭಾರ ಕಮ್ಮಿ ಇರೋ ಗಾಡೀದನ್ನ ತಂದು ಹಾಕ್ಬೇಡಿ, ನಿಮ್ಮ ಗಾಡಿಯಷ್ಟೇ ಅಥವಾ ಅದಕ್ಕಿಂತ ಭಾರದ ಗಾಡೀದಾಗಿರಲಿ.

ಹಳೇ ಸ್ಟಾಕ್, ಅಂದ್ರೆ ಅವತ್ತೇ ತಯಾರಾಗಿ ಡಬ್ಬಿಯಲ್ಲೇ ಉಳ್ಕೊಂಡಿರೋ ಒರಿಜಿನಲ್ ಜಾಯಿಂಟ್, ಇದಕ್ಕೆ ಎಲ್ಲರೂ ಆಸೆ ಪಡ್ತಾರೆ, ನಾನೂ ಪಡ್ತೀನಿ. ಕಬ್ಬಿಣಕ್ಕೆ ಏನೂ ಆಗಿರಲ್ಲ, ಆದ್ರೆ ರಬ್ಬರ್‌ಗೆ ಡಬ್ಬಿ ಒಳಗಿದ್ರೂ ವಯಸ್ಸಾಗತ್ತೆ, ಗ್ರೀಸ್ ಎಣ್ಣೆ ಬಿಟ್ಟು ಸೋಪಿನ ಹಾಗೆ ಗಟ್ಟಿ ಆಗಿರತ್ತೆ. ಬೂಟನ್ನ ಹಿಂಡಿ ಮಡಿಕೆ ಒಳಗೆ ನೋಡಿ, ಕೂದಲೆಳೆ ಬಿರುಕು ಕಂಡ್ರೆ ಬೂಟ್ ಬದಲಾಯಿಸೋದು ಅಂತಾನೇ ಲೆಕ್ಕ ಹಾಕಿ ತಗೊಳ್ಳಿ. ಹೊಸ ಬೂಟು, ಹೊಸ ಗ್ರೀಸು ಹಾಕಿದ ಹಳೇ ಸ್ಟಾಕ್ ಜಾಯಿಂಟ್ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೇದು, ಬೂಟ್ ಬದಲಾಯಿಸದೆ ಹಾಗೇ ಹಾಕಿದ್ದು ಒಂದೇ ಮಳೆಗಾಲಕ್ಕೆ ಹೋಗಬಹುದು. ನಿಪ್ಪಲ್ ಇದ್ರೆ ಹೊಸ ಗ್ರೀಸ್ ಹಾಕುವಾಗ ನಿಧಾನ, ಬೂಟ್ ಸ್ವಲ್ಪ ಉಬ್ಬಿದ ತಕ್ಷಣ ನಿಲ್ಲಿಸಿ, ಜಾಸ್ತಿ ಒತ್ತಿದ್ರೆ ಒಡೆದೇ ಹೋಗತ್ತೆ.

ರೀಬಿಲ್ಡ್ ಬಗ್ಗೆ ಜನ ಎರಡು ಪಂಗಡ. ಎರಡೂ ಕಡೆಯವರು ಅರ್ಧ ಸರಿ. ಕೆಲವು ಜಾಯಿಂಟ್‌ಗಳನ್ನ ಬಿಚ್ಚಿ ಸರಿ ಮಾಡೋಕೇ ಅಂತ ಕಟ್ಟಿರ್ತಾರೆ, 1959ರಿಂದ 2000ದ ತನಕ ಬಂದ ಹಳೇ ಮಿನಿ ಕಾರಲ್ಲಿ ದೊಡ್ಡ ನಟ್ ಬಿಚ್ಚಿ ಒಳಗಿನ ಶಿಮ್ ಅನ್ನೋ ತೆಳು ಬಿಲ್ಲೆ ಬದಲಾಯಿಸಿ ಬಿಗಿ ಮಾಡಬಹುದು. ಅಂಥದ್ದಕ್ಕೆ ರೀಬಿಲ್ಡ್ ಅನ್ನೋದು ಮಾಮೂಲಿ ಸರ್ವಿಸ್. ಆದ್ರೆ ಹೆಚ್ಚಿನವು ಹಿಂದಿನ ಮುಚ್ಚಳದ ಅಂಚನ್ನ ಮಡಿಚಿ ಶಾಶ್ವತವಾಗಿ ಮುಚ್ಚಿದವು. ಅವನ್ನ ಲೇತ್ ಮೇಲೆ ತೆಗೆದು, ಬಾಲಿನ ಸುತ್ತ ಇರೋ ಪ್ಲಾಸ್ಟಿಕ್ ಲೈನರ್ ಹೊಸದು ಮಾಡಿ, ಹೊಸ ಮುಚ್ಚಳ ಕೂರಿಸೋ ಕೆಲಸಗಾರರು ಇದ್ದಾರೆ, ತೂತು ಮಾಡಿ ಕರಗಿಸಿದ ಪಾಲಿಮರ್ ಒಳಗೆ ತುಂಬೋ ವಿಧಾನಾನೂ ಇದೆ. ನಾನು ಅವರ ಹತ್ರ ಕೇಳೋದು ಮೂರು: ಬಾಲು ನಯವಾಗಿದ್ಯಾ, ಪಿನ್ನಿಗೆ ಬಿರುಕಿನ ಟೆಸ್ಟ್ ಮಾಡ್ತೀರಾ, ಭಾರ ಬೀಳೋದು ನೀವು ಹಾಕೋ ಮುಚ್ಚಳದ ಮೇಲಾ ಇಲ್ಲಾ ಗೂಡಿನ ಗಟ್ಟಿ ಭಾಗದ ಮೇಲಾ. ಬಾಲಿನ ಮೇಲೆ ತುಕ್ಕಿನ ಗುಳಿ ಇದ್ರೆ ಹೊಸ ಲೈನರನ್ನ ಅದು ಉಜ್ಜುಗಲ್ಲಿನ ಹಾಗೆ ತಿಂದು ಹಾಕತ್ತೆ. ಮುಚ್ಚಳದ ಮೇಲೆ ಭಾರ ಬೀಳತ್ತೆ ಅಂದ್ರೆ ನಾನಂತೂ ಮಾಡ್ಸಲ್ಲ. ಭಾರ ಹೊರದ ಜಾಯಿಂಟಿಗೆ, ಒಳ್ಳೆ ಕೈ ಸಿಕ್ಕಿದ್ರೆ, ಧೈರ್ಯವಾಗಿ ಮಾಡ್ಸಬಹುದು.

ಪೂರ್ತಿ ಆರ್ಮೇ ಬದಲಾಯಿಸೋದು ಇನ್ನೊಂದು ದಾರಿ. ಕೆಲವು ಗಾಡೀಲಿ ಬೇರೆ ದಾರಿನೇ ಇರಲ್ಲ, ಮರ್ಸಿಡಿಸ್ ಡಬ್ಲ್ಯೂ123ರಲ್ಲಿ ಮೇಲಿನ ಜಾಯಿಂಟ್ ಆರ್ಮ್ ಜೊತೆಗೇ ಬರತ್ತೆ, ಕೆಳಗಿನದು ನಕಲ್‌ಗೆ ಪ್ರೆಸ್ ಆಗಿ ಕೂರತ್ತೆ. ಆರ್ಮ್ ಬದಲಾಯಿಸಿದ್ರೆ ಅದು ಗಾಡಿಗೆ ಸೇರೋ ಕಡೆಯ ಬುಷ್‌ಗಳೂ ಹೊಸದಾಗತ್ತೆ, ತೂತು ಸಡಿಲ ಆಗಿದ್ರೆ ಆ ತಲೆನೋವೂ ಹೋಗತ್ತೆ. ಪ್ರೆಸ್ ಮಾಡೋ ಜಾಯಿಂಟನ್ನ ಮೂರು ನಾಲ್ಕು ಸಲ ಬದಲಾಯಿಸಿದ ಆರ್ಮ್‌ನಲ್ಲಿ ತೂತು ದೊಡ್ಡದಾಗಿರತ್ತೆ, ಹೊಸ ಜಾಯಿಂಟ್ ಪ್ರೆಸ್ ಇಲ್ದೆ ಸುತ್ತಿಗೆಯ ಎರಡೇಟಿಗೆ ಒಳಗೆ ಜಾರಿದ್ರೆ ಆ ಆರ್ಮ್ ಕತೆ ಮುಗೀತು ಅಂತ ತಿಳ್ಕೊಳ್ಳಿ, ಇಲ್ಲಾ ಗೂಡು ಸ್ವಲ್ಪ ಓವರ್‌ಸೈಜ್ ಇರೋ ಜಾಯಿಂಟ್ ಹುಡುಕಬೇಕು. ಅದೇ ಕಂಪನಿಯ ಮುಂದಿನ ಮಾಡೆಲಿನ ಆರ್ಮ್ ಕೂರೋದಾದ್ರೆ ಎಡ ಬಲ ಎರಡೂ ಕಡೆ ಬದಲಾಯಿಸಿ, ಉದ್ದ ಒಂದೇ ಇದ್ಯಾ, ತಿರುವಲ್ಲಿ ಗಾಡಿ ವಾಲದ ಹಾಗೆ ತಡೆಯೋ ಆಂಟಿ ರೋಲ್ ಬಾರ್ ಲಿಂಕಿನ ಜಾಗ ಅದೇ ಇದ್ಯಾ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಬ್ರೇಕ್ ಹೋಸಿಗೆ ಏನೂ ತಾಗಲ್ವಾ ಅಂತ ಸ್ಪ್ರಿಂಗ್ ಇಲ್ಲದೆ ಮೇಲೆ ಕೆಳಗೆ ಆಡಿಸಿ ನೋಡಿ. ಖರ್ಚು ಜಾಸ್ತಿ, ಮೂಗಿಗಿಂತ ಮೂಗುತಿ ಭಾರ ಅನ್ಸಬಹುದು, ಆದ್ರೆ ಮುಂದೆ ಪಾರ್ಟ್ ಸಿಗೋದು ಸುಲಭ ಆಗತ್ತೆ.

ನಕಲ್‌ನ ತೂತನ್ನ ಟೇಪರ್ ರೀಮರ್ (ತೂತನ್ನ ಕೆರೆದು ಅಳತೆಗೆ ತರೋ ಉಪಕರಣ) ಹಾಕಿ ಬೇರೆ ಟೇಪರಿಗೆ ಮಾಡೋದೂ ಉಂಟು. ಕೆಲಸ ಗೊತ್ತಿರೋ ಟರ್ನರ್ ಮಾಡಿದ್ರೆ, ಸುತ್ತ ಸಾಕಷ್ಟು ಲೋಹ ಉಳಿದ್ರೆ ಚೆನ್ನಾಗೇ ನಡೆಯತ್ತೆ. ಒಂದೇ ತೊಂದ್ರೆ, ಅದು ಹಿಂದಿರುಗಿ ಬರೋ ದಾರಿ ಅಲ್ಲ, ನಾಳೆ ಒರಿಜಿನಲ್ ಜಾಯಿಂಟ್ ಸಿಕ್ಕಿದ್ರೂ ಕೂರಲ್ಲ. ಅದಕ್ಕೇ ಒಂದು ಜೊತೆ ಬೇರೆ ನಕಲ್ ಸಿಕ್ಕಿದ್ರೆ ಮಾತ್ರ ನಾನು ಈ ಕೆಲಸಕ್ಕೆ ಕೈ ಹಾಕೋದು.

ಗುಜರಿಯಿಂದ ಬಿಚ್ಚಿ ತಂದ ಜಾಯಿಂಟ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಅದಕ್ಕೂ ನಿಮ್ಮದರಷ್ಟೇ ವಯಸ್ಸಾಗಿದೆ, ಆರ್ಮಿಗೋ ನಕಲಿಗೋ ಅಂತ ತನ್ನಿ, ಜಾಯಿಂಟಿಗೆ ಅಂತ ಬೇಡ. ಬಾಲ್ ಜಾಯಿಂಟ್ ಬದ್ಲು ಹಾಕೋ, ಬೂಟ್ ಇಲ್ಲದ ರೇಸಿಂಗ್ ರಾಡ್ ಎಂಡ್ ಅನ್ನೋ ಕೀಲು ರಸ್ತೆಯ ಧೂಳು ನೀರಿಗೆ ತಡೆಯಲ್ಲ. ಇನ್ನು ವೆಲ್ಡಿಂಗ್. ಸಡಿಲ ಆದ ಗೂಡನ್ನ ಆರ್ಮಿಗೆ ನಾಲ್ಕು ಕಡೆ ಚುಕ್ಕೆ ಚುಕ್ಕೆ ವೆಲ್ಡ್ (ಟ್ಯಾಕ್) ಹಾಕಿಸ್ತಾರೆ, ಆ ಬಿಸಿಗೆ ಒಳಗಿನ ಪ್ಲಾಸ್ಟಿಕ್ ಲೈನರ್ ಕರಗತ್ತೆ, ಗ್ರೀಸ್ ಸುಟ್ಟುಹೋಗತ್ತೆ, ಹೊರಗಿಂದ ನೋಡಿದ್ರೆ ಗಟ್ಟಿ ಕಾಣತ್ತೆ. ಪಿನ್ನಿಗೆ ವೆಲ್ಡ್ ಮಾಡೋದಂತೂ ಯೋಚನೆ ಕೂಡ ಮಾಡ್ಬೇಡಿ, ಹದ ಮಾಡಿದ ಉಕ್ಕು ಅದು, ಬಿಸಿ ತಾಗಿದ ಜಾಗದಲ್ಲೇ ಲಟಕ್ ಅಂತ ಮುರಿಯತ್ತೆ. ಕಡಿಮೆಗೆ ಆಗತ್ತೆ ಅಂತ ಯಾರು ಹೇಳಿದ್ರೂ ದಯವಿಟ್ಟು ಒಪ್ಕೋಬೇಡಿ, ಆ ಗಾಡೀಲಿ ನಿಮ್ಮ ಮನೆಯವರೂ ಕೂರ್ತಾರೆ.

ಹಾಗಾಗಿ ಭಾರ ಹೊರೋ ಜಾಯಿಂಟ್ ಆಗಿದ್ರೆ ನಾನು ಮೊದ್ಲು ಹಳೇ ಸ್ಟಾಕಿಗೆ ಹೊಸ ಬೂಟ್ ಹಾಕಿದ್ದು, ಆಮೇಲೆ ಅಳತೆ ತಾಳೆ ಆಗೋ ಹೊಸ ಜಾಯಿಂಟ್, ಆಮೇಲೆ ಪೂರ್ತಿ ಆರ್ಮ್, ಇಷ್ಟರಲ್ಲೇ ಹುಡುಕ್ತೀನಿ. ಸಿಗೋ ತನಕ ಗಾಡಿ ನಿಂತಿರಲಿ. ಬರೀ ಹಿಡ್ಕೊಳ್ಳೋ ಜಾಯಿಂಟ್ ಆದ್ರೆ ಈ ಪಟ್ಟಿಗೆ ರೀಬಿಲ್ಡ್ ಕೂಡ ಸೇರತ್ತೆ. ಸ್ಟ್ರಟ್ ಗಾಡಿಗಳಲ್ಲಿ ಆರ್ಮ್ ಸಮೇತ ಬದಲಾಯಿಸೋದೇ ಹೆಚ್ಚು ಸಲ ಸಲೀಸು.

ಹಾಕುವಾಗ ಹಾಳು ಮಾಡ್ಕೊಂಡ್ರೆ ಇಷ್ಟು ಹುಡುಕಿದ್ದೂ ನೀರಲ್ಲಿ ಹೋಮ ಆಗತ್ತೆ, ಅದಕ್ಕೆ ಸ್ವಲ್ಪ. ಕಾಯಿಲ್ ಸ್ಪ್ರಿಂಗ್ ಇರೋ ಆರ್ಮ್ ಆದ್ರೆ ಜಾಯಿಂಟ್ ಬಿಡಿಸೋ ಮುಂಚೆ ಆರ್ಮ್ ಕೆಳಗೆ ಜಾಕ್, ಚಾಸಿ ಕೆಳಗೆ ಸ್ಟ್ಯಾಂಡ್, ಸ್ಪ್ರಿಂಗಿಗೆ ಕಂಪ್ರೆಸರ್, ಬಿಟ್ರೆ ಆ ಸ್ಪ್ರಿಂಗ್ ಮನುಷ್ಯನ್ನ ಕೊಲ್ಲೋಷ್ಟು ಬಲದಲ್ಲಿ ಹಾರತ್ತೆ. ನಟ್ ಪೂರ್ತಿ ಬಿಚ್ಬೇಡಿ, ನಾಲ್ಕು ಸುತ್ತು ಹಾಗೇ ಇರಲಿ, ನಕಲ್‌ನ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಆನಿಸಿ ಇನ್ನೊಂದು ಪಕ್ಕಕ್ಕೆ ಜೋರಾಗಿ ಒಂದೇಟು ಕೊಟ್ರೆ ಟೇಪರ್ ಟಪ್ ಅಂತ ಬಿಟ್ಕೊಳ್ಳತ್ತೆ. ಕವಲು ಉಳಿ ಹೊಡೆದು ಬಿಡಿಸಿದ್ರೆ ಬೂಟ್ ಹರಿಯತ್ತೆ, ಉಳಿಸ್ಕೊಳ್ಳೋ ಜಾಯಿಂಟಿಗೆ ಅದು ಬೇಡ. ರಿವೆಟ್ ಹೊಡೆದಿದ್ರೆ ಕೊರೆದು ತೆಗೆದು ಹೈ ಟೆನ್ಸೈಲ್ ಬೋಲ್ಟೇ ಹಾಕಿ, ಅಂಗಡಿಯ ಮಾಮೂಲಿ ಬೋಲ್ಟ್ ಅಲ್ಲ. ಪ್ರೆಸ್ ಮಾಡುವಾಗ ಒತ್ತು ಗೂಡಿನ ಅಂಚಿನ ಮೇಲೆ ಬೀಳಬೇಕು, ಹಿಂದಿನ ಮುಚ್ಚಳದ ಮೇಲಲ್ಲ. ಟೇಪರಿಗೆ ಎಣ್ಣೆ ಗ್ರೀಸ್ ಹಚ್ಚಬಾರ್ದು, ಒರೆಸಿ ಒಣಗಿಸಿ ಹಾಕಿ. ಟಾರ್ಕ್, ಅಂದ್ರೆ ಹೇಳಿದಷ್ಟು ಬಿಗಿ, ಬಂದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ಸೇರಲಿಲ್ಲ ಅಂದ್ರೆ ನಟ್ಟನ್ನ ಮುಂದಕ್ಕೆ ಬಿಗಿದು ಸೇರಿಸಿ, ಹಿಂದಕ್ಕೆ ಬಿಡಿಸಿ ಅಲ್ಲ. ಆರ್ಮ್ ಬುಷ್ ಬೋಲ್ಟುಗಳನ್ನ ಗಾಡಿ ನೆಲದ ಮೇಲೆ ನಿಂತ ಮೇಲೆ ಕೊನೇ ಬಿಗಿ ಕೊಡಿ, ಆಮೇಲೆ ಅಲೈನ್‌ಮೆಂಟ್.

ಮತ್ತೆ ಆ ಸವೆದ ಹಳೇ ಜಾಯಿಂಟ್ ಎಸೀಬೇಡಿ. ತೊಳೆದು ಎಣ್ಣೆ ಹಚ್ಚಿ, ಅಳತೆ ಹಾಳೆಯ ನಕಲು ಸುತ್ತಿ, ಹಾಕಿದ ಹೊಸದರ ಪಾರ್ಟ್ ನಂಬರ್ ಬರೆದು ಕಟ್ಟಿಡಿ. ನನ್ನದು ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕದಲ್ಲೇ ಇದೆ, ಇನ್ನೊಂದು ಬದಿಯ ಜಾಯಿಂಟ್ ಹೋದಾಗ ಅಂಗಡಿಯವರ ಮುಂದೆ ಅದನ್ನೇ ಇಟ್ಟು ವರ್ನಿಯರ್ ಹಿಡಿದು ತಾಳೆ ನೋಡಿ ತಗೊಂಡು ಬಂದೆ.